ಆಳಿಗೊಂದು ಕಲ್ಲು

ಸಂಜೆ ಐದೂವರೆಗೆ ಗೇಟು ಹಾಕಿದ ಮೇಲೆ
ನನ್ನ ಮೊದಲ ಕೆಲಸ ಕಲ್ಲು ಹೆಕ್ಕುವುದು.
ಹೆಚ್ಚಿನವು ಚಿರೇಕಲ್ಲಿನ ಚೂರು, ಗೋಲಿಯಷ್ಟು;
ನಡುವೆ ಕಡಲೆಕಾಯಿ, ಚಾಕಲೇಟಿನ ಕಾಗದ,
ಒಮ್ಮೆ ಒಂದು ಬೆಳ್ಳಿಯ ಕಾಲುಂಗುರ.
ಯಾರು, ಯಾಕೆ ಎಸೆದರೋ. ಡಬ್ಬಿಯಲ್ಲಿ ಇಟ್ಟಿದ್ದೇನೆ.

ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು.
ಗಾದೆ ಗೊತ್ತಿಲ್ಲದ ಮಕ್ಕಳೂ ಗಾದೆಯಂತೆಯೇ ನಡೆಯುತ್ತಾರೆ.

ಅಮದಳ್ಳಿಯ ಗುಡ್ಡದ ಮೇಲೆ ಮೂರು ಎಕರೆ,
ಕೆಳಗೆ ಹೆದ್ದಾರಿ, ಅದರಾಚೆ ಕಡಲು.
ಇದು ತೋಳದ ಊರಲ್ಲ. ದಿನಕ್ಕೆ ಆರು ಸಲ ನಾನೇ ಹೇಳುತ್ತೇನೆ:
"ಇವು ಬಯಲಿನವು ಮಕ್ಕಳೇ, ಘಟ್ಟದ ಆಚೆಯವು,
ಕುರಿ ಎಬ್ಬಿಸಿದ ಧೂಳು, ಜಾಲಿಯ ನೆರಳು, ಒಣ ಗಾಳಿ..."
ಹೇಳುವಾಗ ಸೆಕೆಗೆ ನನ್ನ ರವಿಕೆ ಬೆನ್ನಿಗಂಟಿರುತ್ತದೆ.
ಒಳಗೆ ಅವಳೂ ನಾಲಗೆ ಚಾಚಿ ಮಲಗಿರುತ್ತಾಳೆ.

ಮೂರು ಇವೆ. ಒಂದು ಸರ್ಕಸ್ಸಿನದು, ಈಗಲೂ ಸುತ್ತು ಬರುತ್ತದೆ,
ಎಷ್ಟು ಜಾಗ ಕೊಟ್ಟರೂ ಅಷ್ಟೇ ಅಗಲದ ಸುತ್ತು.
ಒಂದು ಯಾರದೋ ತೋಟದ ಬಂಗಲೆಯಲ್ಲಿ ಹುಟ್ಟಿದ್ದು,
ಆಡು ಕಂಡರೆ ಹೆದರುತ್ತದೆ.
ಮೂರನೆಯವಳು ಹಾವೇರಿ ರಸ್ತೆಯ ಢಾಬಾದಲ್ಲಿ
ನಾಯಿ ಎಂಬ ಹೆಸರಲ್ಲಿ ನಾಲ್ಕು ವರ್ಷ ಸರಪಳಿಯಲ್ಲಿದ್ದವಳು.
ಕುತ್ತಿಗೆಯ ಸುತ್ತ ಕೂದಲು ಮತ್ತೆ ಬರಲೇ ಇಲ್ಲ.
ಹೆಸರಿಡಬಾರದೆಂದು ನಿಯಮ ಮಾಡಿದವಳು ನಾನು;
ಪಾಂಡು ಹರಿಕಂತ್ರ ಮೊದಲ ವಾರವೇ ಅವಳನ್ನು 'ಬಾಯಿ' ಎಂದ.
ಅವನ ಕೊಂಕಣಿಯಲ್ಲಿ ಅದು ಮರ್ಯಾದೆ,
ನೋಡಲು ಬಂದವರಿಗೆ ಬರೀ ಹಲ್ಲು.

ಪಾಂಡುವಿನ ಊರು ನೌಕಾನೆಲೆಯ ಬೇಲಿಯೊಳಗೆ ಹೋದಾಗ
ಅವನಿಗೆ ಹನ್ನೆರಡು.
ಇಲ್ಲಿ ತುಕ್ಕು ಹಿಡಿದಲ್ಲೆಲ್ಲ ತಂತಿ ಬಿಗಿಯುವವನು ಅವನೇ.
ಅದರ ಬಗ್ಗೆ ಏನೂ ಹೇಳುವುದಿಲ್ಲ.
ಕೋಳಿಗೆ ದುಡ್ಡು ಸಾಲದ ದಿನ ಬಂಗಡೆ ತರುತ್ತಾನೆ.
ಬಾಯಿ ಮೊದಮೊದಲು ಮೂಸಿ ಮಣ್ಣಲ್ಲಿ ಹೂತಳು,
ಈಗ ತಿನ್ನುತ್ತಾಳೆ, ತಲೆ ಬಿಟ್ಟು.

ಕಚ್ಚುತ್ತದಾ?
ನಾಯಿಗೂ ಇದಕ್ಕೂ ಜಗಳ ಹಚ್ಚಿದರೆ ಗೆಲ್ಲುವುದು ಯಾರು?
ಗೇಟು ತೆರೆದೇ ಬಿಟ್ಟರೆ?
ಕೋಡಿಬಾಗದ ಶಾಲೆಯ ಹುಡುಗಿಯೊಬ್ಬಳು ಪೆನ್ಸಿಲು ಕಚ್ಚುತ್ತ:
"ಅಕ್ಕೋರೆ, ಏನೂ ಮಾಡ್ದೇ ಇದ್ರೂ ಅದು ಯಾಕೆ ಒಳಗಿದೆ?"
ಉತ್ತರ ಇದೆ, ಫಲಕದಲ್ಲೂ ಬರೆಸಿದ್ದೇನೆ:
ಮನುಷ್ಯರ ಕೈಯಲ್ಲಿ ಬೆಳೆದವನ್ನು ಬಯಲಿಗೆ ಬಿಡಲಾಗದು.
ಅವಳು ಬರೆದುಕೊಂಡಳು. ಸಮಾಧಾನವಾದಂತೆ ಕಾಣಲಿಲ್ಲ.
ನನಗೂ ಆಗಿಲ್ಲ, ಹನ್ನೊಂದು ವರ್ಷದಿಂದ.

ಕಳೆದ ಮಾಗಿಯಲ್ಲಿ ಒಬ್ಬ ಬಂದ, ಖಾಕಿ ಅಂಗಿ,
ರಾಣೆಬೆನ್ನೂರು ಡಿಪೋದ ಡ್ರೈವರು, ರಾತ್ರಿ ಹಾಲ್ಟು ಕಾರವಾರದಲ್ಲಿ.
ಹೆಸರು ಮೈಲಾರಪ್ಪ. ಟಿಕೆಟು ಕೊಂಡ, ನನ್ನ ಭಾಷಣ ಕೇಳಲಿಲ್ಲ,
ನೇರ ಬಾಯಿಯ ಎದುರು ಹೋಗಿ ಚಪ್ಪಲಿ ಬಿಟ್ಟು ಕೂತ.
"ನಮ್ಮಪ್ಪ ಕುರಿ ಎಣಸೂವಾಗ ಒಂದು ಬಿಟ್ಟs ಎಣಸ್ತಿದ್ದ ರೀ.
ಅದು ಇವುಗಳ ಪಾಲು. ಒಯ್ದರ ಒಯ್ದವು.
ಒಯ್ಯದ ವರ್ಷ ಅಂವಗ ನಿದ್ದಿ ಬರ್ತಿದ್ದಿಲ್ಲ,
ಎಲ್ಲಿ ಹೋದ್ವೋ, ಏನಾತೋ ಅಂತ."
ಆಮೇಲೆ ಗಂಟಲೊಳಗೆ ಒಂದು ಸದ್ದು ಮಾಡಿದ,
ಕುರಿ ಕರೆಯುವುದೋ ತೋಳ ಅಟ್ಟುವುದೋ ತಿಳಿಯಲಿಲ್ಲ.

ಬಾಯಿ ಎದ್ದಳು.
ಕಿವಿ ಎರಡೂ ಮುಂದಕ್ಕೆ.
ಢಾಬಾ, ಸರಪಳಿ, ನಾನು, ನನ್ನ ಫಲಕ
ಯಾವುದೂ ಇರದ ಎಲ್ಲಿಂದಲೋ ಅವನನ್ನು ನೋಡಿದಳು.
ಅಷ್ಟೇ. ಕೂಗಲಿಲ್ಲ, ಹತ್ತಿರ ಬರಲಿಲ್ಲ.
ಮಡಗಾಂವ್ ಕಡೆಯ ರೈಲು ಸುರಂಗದಿಂದ ಹೊರಬಿತ್ತು, ಅವಳು ಮಲಗಿದಳು.
ಡ್ರೈವರು ಕಿಸೆ ತಡವಿ, ಕೊಡಲು ಏನೂ ಸಿಗದೆ,
ಟಿಕೆಟನ್ನೇ ಮಡಚಿಟ್ಟುಕೊಂಡು ಹೋದ.

ಹೆಕ್ಕಿದ ಕಲ್ಲನ್ನು ಪಾಂಡು ನೀರಿನ ತೊಟ್ಟಿಯ ಬುಡಕ್ಕೆ ಸುರಿಯುತ್ತಾನೆ,
ಮಳೆಗೆ ಅಲ್ಲಿ ಕೆಸರು.
ಇಂದು ಬಂದವರು ಇನ್ನೂರ ಮೂರು ಜನ,
ಕಲ್ಲು ಹದಿನೇಳು.
ಪುಸ್ತಕದಲ್ಲಿ ಹದಿನಾರು ಎಂದು ಬರೆದೆ.
ಪಾಂಡು ನೋಡಿದ, ಏನೂ ಕೇಳಲಿಲ್ಲ.